ಕಿತ್ತಳೆ, ಜೇನು ಕೊಟ್ಟರೆ ಮಗನ ಶ್ವಾಸಕೋಶದ ಉರಿಯೂತ ಇಳಿಯುತ್ತದೆಯೇ?

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗನಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ಶ್ವಾಸಕೋಶ ಹಾಳಾಗುತ್ತದೆ, ಆಂಟಿಆಕ್ಸಿಡೆಂಟ್ ಕೊಡಿ ಎನ್ನುತ್ತಾರೆ. ಕಿತ್ತಳೆ, ಜೇನು, ಕಾಳುಮೆಣಸು ನಮ್ಮ ತೋಟದಲ್ಲೇ ಇವೆ. ದಿನಾ ಕೊಟ್ಟರೆ ಸಾಕೇ?
– ಸೋಮವಾರಪೇಟೆ ಬಳಿಯ ಓದುಗರು

ಕೊಡಿ ಅಮ್ಮ, ಅವನು ಇಷ್ಟಪಟ್ಟು ತಿಂದರೆ ಧಾರಾಳವಾಗಿ ಕೊಡಿ. ಆದರೆ ಅದನ್ನೇ ಔಷಧಿ ಎಂದು ನಂಬಿ ನೆಬುಲೈಸರನ್ನಾಗಲಿ, ಕಫ ತೆಗೆಸುವ ವ್ಯಾಯಾಮವನ್ನಾಗಲಿ ಒಂದು ದಿನವೂ ಬಿಡಬೇಡಿ.

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ಕಾಯಿಲೆ, ಅದರ ಮೂಲ ಸಿಎಫ್‌ಟಿಆರ್ ಎಂಬ ಜೀನ್‌ನಲ್ಲಿದೆ. ಅದನ್ನು ಗುರುತಿಸಿದ್ದು 1989ರಲ್ಲಿ. ಜೀವಕೋಶದ ಹೊರಪೊರೆಯಲ್ಲಿ ಉಪ್ಪಿನಂಶವನ್ನು ಹೊರಬಿಡುವ ಬಾಗಿಲು ಅದರಿಂದಲೇ ಆಗಬೇಕು. ಬಾಗಿಲು ಕೆಟ್ಟರೆ ಶ್ವಾಸನಾಳದ ತೇವ ಒಣಗಿ ಕಫ ಅಂಟಾಗುತ್ತದೆ. ಇದೇ ಬಾಗಿಲಿನಿಂದ ಗ್ಲುಟಾಥಯೋನ್ ಎಂಬ ವಸ್ತುವೂ ಹೊರಬರಬೇಕಿತ್ತು. ಅದು ಜೀವಕೋಶಗಳನ್ನು ಹಾನಿಯಿಂದ ಕಾಯಲು ದೇಹವೇ ತಯಾರಿಸಿಕೊಳ್ಳುವ ಆಂಟಿಆಕ್ಸಿಡೆಂಟ್. ಅಂದರೆ ಸೋಂಕು ತಗಲುವ ಮೊದಲೇ ಈ ಮಕ್ಕಳ ಶ್ವಾಸನಾಳದಲ್ಲಿ ರಕ್ಷಣೆ ತೆಳುವಾಗಿರುತ್ತದೆ.

ಅಂಟು ಕಫದಲ್ಲಿ ಬ್ಯಾಕ್ಟೀರಿಯಾ ಬೇರೂರುತ್ತದೆ. ಅದನ್ನು ಕೊಲ್ಲಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಹಿಂಡುಹಿಂಡಾಗಿ ಬರುತ್ತವೆ. ಅವುಗಳ ಆಯುಧಗಳಲ್ಲಿ ಒಂದು ಹೈಪೋಕ್ಲೋರಸ್ ಆಮ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಿನಲ್ಲಿ ಕ್ರಿಮಿ ಕೊಲ್ಲುವುದೂ ಇದೇ. ಬಾವಿಗೆ ಅದನ್ನು ಎಂದೋ ಒಮ್ಮೆ ಹಾಕುತ್ತೇವೆ. ಮಗುವಿನ ಎದೆಯಲ್ಲಿ ಹಗಲೂ ರಾತ್ರಿ ಸುರಿಯುತ್ತಿದ್ದರೆ ಕ್ರಿಮಿಯ ಜೊತೆ ಶ್ವಾಸನಾಳದ ಒಳಪದರವೂ ಸುಡುತ್ತದೆ. ಆಕ್ಸಿಡೇಟಿವ್ ಸ್ಟ್ರೆಸ್ ಎಂದರೆ ಈ ಸುಡುವಿಕೆಯೇ. ಸುಟ್ಟ ಜಾಗ ಇನ್ನಷ್ಟು ಬಿಳಿಕಣಗಳನ್ನು ಕರೆಯುತ್ತದೆ. ಸತ್ತ ಕಣಗಳಿಂದ ಸೋರುವ ಡಿಎನ್‌ಎ ಕಫವನ್ನು ಮತ್ತೂ ಗಟ್ಟಿಮಾಡುತ್ತದೆ. ಅವನ ಕಫ ಹಸಿರಾಗಿರುವುದನ್ನು ನೋಡಿರುತ್ತೀರಿ. ಆ ಆಮ್ಲವನ್ನು ತಯಾರಿಸುವ ಕಿಣ್ವದ ಬಣ್ಣವೇ ಹಸಿರು.

ಆದ್ದರಿಂದಲೇ ಬರಿಯ ಹಣ್ಣಿನಿಂದ ಇದು ಆರುವುದಿಲ್ಲ. ಮಾತ್ರೆಯ ರೂಪದಲ್ಲಿ ಆಂಟಿಆಕ್ಸಿಡೆಂಟ್ ಕೊಟ್ಟು ನೋಡಿದ ಪ್ರಯೋಗಗಳಲ್ಲೂ ದೊಡ್ಡ, ಖಚಿತ ಲಾಭ ಕಂಡಿಲ್ಲ. ಕಫ ಹೊರಗೆ ಬಂದಷ್ಟೂ ಬ್ಯಾಕ್ಟೀರಿಯಾ ಕಡಿಮೆ, ಬಿಳಿಕಣ ಕಡಿಮೆ, ಸುಡುವುದೂ ಕಡಿಮೆ. ನನ್ನ ಮಟ್ಟಿಗೆ ನೀವು ದಿನಾ ಮಾಡಿಸುವ ಎದೆಯ ವ್ಯಾಯಾಮವೇ ಅವನಿಗೆ ಸಿಗುವ ಒಳ್ಳೆಯ ಆಂಟಿಆಕ್ಸಿಡೆಂಟ್. ವೈದ್ಯರು ಜೀರ್ಣಕ್ಕೆ ನೆರವಾಗುವ ಕಿಣ್ವದ ಕ್ಯಾಪ್ಸೂಲ್ ಬರೆದಿದ್ದರೆ ಊಟದ ಜೊತೆಗೇ ಕೊಡಿ. ಅದಿಲ್ಲದೆ ಕೊಬ್ಬು ಜೀರ್ಣವಾಗದು. ಕೊಬ್ಬಿನೊಡನೆ ಒಳಸೇರಬೇಕಾದ ವಿಟಮಿನ್ ಎ, ಇ ಎರಡೂ ಮೈಗೆ ಹತ್ತುವುದಿಲ್ಲ. ವಿಟಮಿನ್ ಇ ಕೂಡ ಆಂಟಿಆಕ್ಸಿಡೆಂಟೇ. ಜೇನಿನ ಬಗ್ಗೆ ಒಂದೇ ಮಾತು: ಮನೆಯಲ್ಲಿ ವರ್ಷ ತುಂಬದ ಕೂಸಿದ್ದರೆ ಅದರ ನಾಲಿಗೆಗೆ ಮುಟ್ಟಿಸಬೇಡಿ.

ಕೊಡಗಿನ ಮನೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಹೊಗೆ ಮತ್ತು ಬೂಷ್ಟು. ಬಚ್ಚಲೊಲೆಯ ಸೌದೆ ಹೊಗೆಯಲ್ಲೂ ಇಂಥವೇ ಸುಡುವ ಕಣಗಳಿವೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಒಲೆ ಉರಿಯುವಾಗ ಅವನನ್ನು ಆ ಕೋಣೆಯಲ್ಲಿ ಕೂರಿಸಬೇಡಿ. ಗೋಡೆಯ ಬೂಷ್ಟನ್ನು ಅವನು ಶಾಲೆಯಲ್ಲಿದ್ದಾಗ ಒದ್ದೆ ಬಟ್ಟೆಯಿಂದ ಒರೆಸಿ. ಕಾಫಿ ಸಿಪ್ಪೆಯ ಗೊಬ್ಬರ ಮಗುಚುವ ಕಡೆಗೂ ಕಳಿಸಬೇಡಿ. ಕೊಳೆಯುವ ರಾಶಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಶಿಲೀಂಧ್ರ ಈ ಮಕ್ಕಳ ಶ್ವಾಸಕೋಶದಲ್ಲಿ ಅಲರ್ಜಿ ಎಬ್ಬಿಸಬಹುದು.

ಕಫ ಎಂದಿಗಿಂತ ಹೆಚ್ಚಾದರೆ, ಬಣ್ಣ ಗಾಢವಾದರೆ, ಅವನು ಊಟ ಬಿಟ್ಟರೆ ಅಥವಾ ತೂಕ ಇಳಿದರೆ, ಮಳೆ ಬಿಡಲಿ ಎಂದು ಕಾಯದೆ ವೈದ್ಯರಿಗೆ ಅಂದೇ ಫೋನ್ ಮಾಡಿ.