ಎಲ್ಲರೂ ಮರೆತಿರ್ತಾರೆ, ಅವನೊಬ್ಬನಿಗೆ ನೆನಪಿರತ್ತೆ

ರೀ:ಝೀರೋ ಅನ್ನೋ ಅನಿಮೆಯ (ಜಪಾನಿ ಕಾರ್ಟೂನ್ ಸರಣಿ) ಐದನೇ ಎಪಿಸೋಡಲ್ಲಿ, ನಮ್ಮ ಲೋಕದಿಂದ ಇನ್ನೊಂದು ಲೋಕಕ್ಕೆ ಹೋಗಿ ಬಿದ್ದಿರೋ ಸುಬಾರು ಅನ್ನೋ ಹುಡುಗ ಒಂದು ದೊಡ್ಡ ಬಂಗಲೆಯಲ್ಲಿ ನಿದ್ದೆಯಿಂದ ಏಳ್ತಾನೆ. ಮಂಚದ ಪಕ್ಕ ರೆಮ್ ಮತ್ತು ರಾಮ್ ಅಂತ ಇಬ್ರು ಅವಳಿ ಕೆಲಸದ ಹುಡುಗೀರು ನಿಂತಿದಾರೆ. ಅವನ ಲೆಕ್ಕದಲ್ಲಿ ಇವರಿಬ್ರ ಜೊತೆ ನಾಲ್ಕು ದಿನ ಕೆಲಸ ಮಾಡಿ ಆಗಿದೆ, ಬೈಸ್ಕೊಂಡಾಗಿದೆ, ಆ ಲೋಕದ ಅಕ್ಷರ ಕಲಿಯಕ್ಕೆ ಕೂತಿದ್ದೂ ಆಗಿದೆ, ಆ ಸಲಿಗೆಯಲ್ಲೇ ಏನೋ ಹೇಳಕ್ಕೆ ಹೋಗ್ತಾನೆ, ಅವರು ಮಾತ್ರ ಯಾರೋ ಗುರುತಿಲ್ಲದವನ ಹತ್ರ ಮಾತಾಡೋ ಥರ ಮರ್ಯಾದೆಯಿಂದ 'ಅತಿಥಿಗಳೇ' ಅಂತಾರೆ. ಹಿಂದಿನ ರಾತ್ರಿ ನಿದ್ದೆಯಲ್ಲೇ ಅವನು ಸತ್ತಿರ್ತಾನೆ, ಕಾಲ ಮೊದಲನೇ ದಿನಕ್ಕೆ ವಾಪಸ್ ಹೋಗಿರತ್ತೆ, ಆ ನಾಲ್ಕು ದಿನ ಈಗ ಅವನ ತಲೆಯಲ್ಲಿ ಬಿಟ್ರೆ ಬೇರೆ ಎಲ್ಲೂ ಇಲ್ಲ. ಹುಡುಗ ರೂಮ್ ಬಿಟ್ಟು ಓಡ್ತಾನೆ. ಅವನು ಈ ಹಿಂದೆ ಹೊಟ್ಟೆ ಸೀಳಿಸ್ಕೊಂಡು ಸತ್ತವನು, ಆಗ ಕೂಡ ಇಷ್ಟು ಕುಸಿದಿರಲಿಲ್ಲ.

ಹಿಂಗೆ ಒಂದೇ ಅವಧಿ ಮತ್ತೆ ಮತ್ತೆ ಸುತ್ತಿ ಬರೋ ಟೈಮ್ ಲೂಪ್ ಕಥೆ ಯಾಕೆ ಇಷ್ಟ ಅಂತ ಯಾರನ್ನ ಕೇಳಿದ್ರೂ ಬರೋ ಉತ್ತರ ಒಂದೇ, ಸೆಕೆಂಡ್ ಚಾನ್ಸ್ ಸಿಗತ್ತೆ, ತಪ್ಪು ತಿದ್ಕೋಬಹುದು, ಎಲ್ಲರಿಗೂ ಆ ಆಸೆ ಇರತ್ತೆ ಅಂತ. ಸುಳ್ಳೇನಲ್ಲ. ಆದ್ರೆ ಅಷ್ಟೇ ಆಗಿದ್ರೆ ಮೇಲಿನ ಸೀನ್ ನೋಡಿ ನಮಗೆ ಖುಷಿ ಆಗ್ಬೇಕಿತ್ತಲ್ವಾ, ಸತ್ತವನು ಬದುಕಿದಾನೆ, ಇನ್ನೊಂದು ಚಾನ್ಸ್ ಸಿಕ್ಕಿದೆ. ಖುಷಿ ಆಗಲ್ಲ, ಹೊಟ್ಟೇಲಿ ಏನೋ ಹಿಂಡಿದಂಗೆ ಆಗತ್ತೆ. ನನ್ನ ಪ್ರಕಾರ ಇಂಥ ಕಥೆಗಳ ಸೆಳೆತ ಕಾಲ ಹಿಂದೆ ಹೋಗೋದ್ರಲ್ಲಿ ಕಮ್ಮಿ, ಒಬ್ಬರಿಗೆ ಮಾತ್ರ ನೆನಪಿದ್ದು ಉಳಿದವರಿಗೆಲ್ಲ ಮರೆತುಹೋಗಿರೋದ್ರಲ್ಲಿ ಜಾಸ್ತಿ, ಯಾಕಂದ್ರೆ ನಮ್ಮ ಮೆದುಳು ದಿನಾ ಮಾಡೋದೂ ಇದೇ ಕೆಲಸ.

ಇಲಿಗಳಿಂದ ಶುರು ಮಾಡ್ತೀನಿ. ಮಿನೆಸೋಟ ಯೂನಿವರ್ಸಿಟಿಯಲ್ಲಿ ಆಡಮ್ ಸ್ಟೈನರ್ ಮತ್ತು ಡೇವಿಡ್ ರೆಡಿಶ್ 2014ರಲ್ಲಿ ಪ್ರಕಟ ಮಾಡಿದ ಒಂದು ಪ್ರಯೋಗ ಇದೆ. ಗುಂಡಗಿನ ಒಂದು ಟ್ರ್ಯಾಕು, ಸುತ್ತ ನಾಲ್ಕು ಕಡೆ ತಿಂಡಿ ಸಿಗೋ ಜಾಗ, ಅದಕ್ಕೆ ಅವರಿಟ್ಟ ಹೆಸರು ರೆಸ್ಟೋರೆಂಟ್ ರೋ. ಒಂದರಲ್ಲಿ ಚೆರಿ ಫ್ಲೇವರ್, ಒಂದರಲ್ಲಿ ಬಾಳೆಹಣ್ಣು, ಒಂದರಲ್ಲಿ ಚಾಕಲೇಟು, ಒಂದು ಸಪ್ಪೆ. ಇಲಿ ಒಂದೊಂದು ಜಾಗಕ್ಕೆ ಬಂದಾಗ್ಲೂ ಒಂದು ಶಬ್ದ ಕೇಳತ್ತೆ, ಆ ಶಬ್ದ ಎಷ್ಟು ಮೇಲಿನ ಸ್ವರದಲ್ಲಿದೆ ಅನ್ನೋದ್ರ ಮೇಲೆ ಇಲ್ಲಿ ಎಷ್ಟು ಹೊತ್ತು ಕಾಯ್ಬೇಕು ಅಂತ ಅದಕ್ಕೆ ಗೊತ್ತಾಗತ್ತೆ, ಬೇಕಾದ್ರೆ ಕಾಯ್ಬಹುದು, ಬೇಡ ಅಂದ್ರೆ ಮುಂದಿನ ಅಂಗಡಿಗೆ ಹೋಗ್ಬಹುದು, ಒಟ್ಟು ಇರೋ ಟೈಮ್ ಮಾತ್ರ ಒಂದು ಗಂಟೆ. ಕೆಲವು ಸಲ ಇಲಿ ಬೇಗ ಸಿಗ್ತಿದ್ದ ಒಳ್ಳೇ ತಿಂಡಿ ಬಿಟ್ಟು ಮುಂದೆ ಹೋಗತ್ತೆ, ಮುಂದಿನ ಜಾಗದಲ್ಲಿ ನೋಡಿದ್ರೆ ತುಂಬಾ ಹೊತ್ತು ಕಾಯ್ಬೇಕು. ಆಗ ಇಲಿ ನಿಂತು ಹಿಂದಕ್ಕೆ ತಿರುಗಿ ನೋಡತ್ತೆ. ಅದೇ ಕ್ಷಣದಲ್ಲಿ ಅದರ ಮೆದುಳಿನ ಮುಂಭಾಗದಲ್ಲಿ, ಕಣ್ಣುಗುಡ್ಡೆ ಮೇಲಿರೋ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್‌ನಲ್ಲಿ, ಬಿಟ್ಟುಬಂದ ಅಂಗಡಿಯನ್ನ ಸೂಚಿಸೋ ನರಕೋಶಗಳ ಪ್ಯಾಟರ್ನ್ ಮತ್ತೆ ಮೂಡತ್ತೆ. ಕಾಲು ಇರೋದು ಇಲ್ಲಿ, ತಲೆ ಓಡ್ತಿರೋದು ಅಲ್ಲಿ. ಆಮೇಲೆ ಅದೇ ಕೆಟ್ಟ ಡೀಲ್ ಒಪ್ಕೊಂಡು ಕಾಯೋ ಸಾಧ್ಯತೆ ಜಾಸ್ತಿ, ತಿಂಡಿ ಸಿಕ್ಕಿದ್ಮೇಲೆ ಗಬಗಬ ತಿಂದು ಮುಂದಕ್ಕೆ ಓಡೋದೂ ಜಾಸ್ತಿ. ಪಶ್ಚಾತ್ತಾಪ ಮನುಷ್ಯರಿಗೆ ಮಾತ್ರ ಅಂತ ಅಂದ್ಕೊಂಡಿದ್ದೋರಿಗೆ ಈ ಇಲಿ ಸಾಕು.

ಮನುಷ್ಯರ ವಿಷಯಕ್ಕೆ ಬಂದ್ರೆ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1982ರಲ್ಲಿ ಬರೆದಿದ್ದ ಒಂದು ಪುಟ್ಟ ಪ್ರಶ್ನೆ ಇದೆ. ಇಬ್ರು ಒಂದೇ ಕಾರಲ್ಲಿ ಏರ್‌ಪೋರ್ಟಿಗೆ ಹೊರಟಿದಾರೆ, ಬೇರೆ ಬೇರೆ ಫ್ಲೈಟು ಆದ್ರೆ ಹೊರಡೋ ಟೈಮ್ ಒಂದೇ, ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ಅರ್ಧ ಗಂಟೆ ಲೇಟ್. ಒಬ್ಬನಿಗೆ 'ನಿಮ್ಮ ಫ್ಲೈಟ್ ಸರಿಯಾದ ಟೈಮಿಗೆ ಹೋಯ್ತು' ಅಂತಾರೆ, ಇನ್ನೊಬ್ಬನಿಗೆ 'ನಿಮ್ದು ಲೇಟಾಗಿತ್ತು, ಐದೇ ನಿಮಿಷದ ಕೆಳಗೆ ಹೊರಟಿದ್ದು' ಅಂತಾರೆ. ಯಾರಿಗೆ ಹೊಟ್ಟೆ ಉರಿ ಜಾಸ್ತಿ? 96% ಜನ ಎರಡನೇಯವನಿಗೇ ಅಂದ್ರು. ನಷ್ಟ ಇಬ್ರಿಗೂ ಒಂದೇ, ಆದ್ರೆ ಎರಡನೇಯವನ ತಲೆಯಲ್ಲಿ 'ಆ ಸಿಗ್ನಲ್ ಒಂದು ದಾಟಿದ್ರೆ' ಅಂತ ರೀಟೇಕ್ ಮಾಡಕ್ಕೆ ದಾರಿ ತುಂಬಾ ಹತ್ರದಲ್ಲಿದೆ. ಜಗಳ ಆಡಿ ಬಂದು ಸ್ನಾನ ಮಾಡುವಾಗ ಸರಿಯಾದ ಉತ್ತರ ಹೊಳೆಯತ್ತಲ್ಲ, ಅದೂ ಇದೇ ಜಾತಿ, ಅಲ್ಲಿ ನಾವು ಆ ಜಗಳವನ್ನ ಎಷ್ಟು ಸಲ ಬೇಕಾದ್ರೂ ಗೆಲ್ತೀವಿ, ಎದುರು ಪಾರ್ಟಿಗೆ ಅದರ ಒಂದು ರೌಂಡೂ ಗೊತ್ತಿರಲ್ಲ.

ಹಳೇದನ್ನ ನೆನಪು ಮಾಡ್ಕೊಳ್ಳೋದು ಮತ್ತು ಆಗದೇ ಇರೋದನ್ನ ಕಲ್ಪಿಸ್ಕೊಳ್ಳೋದು, ಮೆದುಳಿಗೆ ಇವೆರಡೂ ಬೇರೆ ಬೇರೆ ಇಲಾಖೆ ಅಲ್ಲ ಅನ್ನೋದೂ ಈಗ ಗೊತ್ತಿದೆ. 2007ರಲ್ಲಿ ಡೆಮಿಸ್ ಹಸಾಬಿಸ್ ಮತ್ತು ಜೊತೆಗಾರರು ಹಿಪೊಕ್ಯಾಂಪಸ್ (ಮೆದುಳಲ್ಲಿ ನೆನಪಿನ ಕೆಲಸ ನೋಡ್ಕೊಳ್ಳೋ ಭಾಗ) ಹಾಳಾಗಿ ನೆನಪಿನ ಶಕ್ತಿ ಹೋಗಿದ್ದ ಕೆಲವರಿಗೆ ಒಂದು ಕೆಲಸ ಕೊಟ್ರು, ಕಡಲ ತೀರದಲ್ಲಿ ಮಲಗಿದೀರ ಅಂತ ಕಲ್ಪಿಸ್ಕೊಂಡು ಏನೇನು ಕಾಣತ್ತೆ ಹೇಳಿ ಅಂತ. ಬಹುಪಾಲು ಜನಕ್ಕೆ ಅದು ಆಗಲೇ ಇಲ್ಲ, ಬಿಡಿಬಿಡಿ ಚೂರು ಹೇಳ್ತಿದ್ರೇ ಹೊರತು ಒಂದು ಇಡೀ ದೃಶ್ಯ ಕಟ್ಟಕ್ಕೆ ಬರಲಿಲ್ಲ. ನಿನ್ನೆಯನ್ನ ಜೋಡಿಸೋ ಮಿಷಿನ್ನೇ ನಾಳೆಯನ್ನೂ ಜೋಡಿಸತ್ತೆ, ಆಗ್ಬಹುದಿತ್ತು ಆದ್ರೆ ಆಗಲಿಲ್ಲ ಅನ್ನೋದನ್ನೂ ಜೋಡಿಸತ್ತೆ. (ಈ ಹಸಾಬಿಸ್ಸೇ ಆಮೇಲೆ ಡೀಪ್‌ಮೈಂಡ್ ಕಂಪನಿ ಶುರು ಮಾಡಿ 2024ರಲ್ಲಿ ಕೆಮಿಸ್ಟ್ರಿ ನೊಬೆಲ್ ತಗೊಂಡಿದ್ದು.)

ಲೂಪ್ ಕಥೆ ಮಾಡೋದಿಷ್ಟೇ, ತಲೆಯೊಳಗಿನ ಈ ರೀಟೇಕನ್ನ ಹೊರಗಿನ ಲೋಕಕ್ಕೆ ತಂದು ಬಿಡತ್ತೆ. ಜಪಾನಿನವರಿಗೆ ಇದನ್ನ ಬರೆಯಕ್ಕೆ ಒಂದು ಸಿದ್ಧ ವ್ಯಾಕರಣವೂ ಇತ್ತು, ವಿಡಿಯೋ ಗೇಮ್. 1986ರ ಡ್ರಾಗನ್ ಕ್ವೆಸ್ಟ್ ಆಟದಲ್ಲಿ ಸತ್ತರೆ ರಾಜನ ಮುಂದೆ ವಾಪಸ್ ಬಂದು ನಿಲ್ತೀರ, ಕೈಲಿದ್ದ ಚಿನ್ನದಲ್ಲಿ ಅರ್ಧ ಹೋಗಿರತ್ತೆ ಆದ್ರೆ ಗಳಿಸಿದ ಅನುಭವ ಹಾಗೇ ಉಳಿದಿರತ್ತೆ. ಇಂಥ ಆಟ ಆಡ್ಕೊಂಡು ಬೆಳೆದ ತಲೆಮಾರಿಗೆ ಸಾವು ಅಂದ್ರೆ ಕಥೆಯ ಕೊನೆ ಅಲ್ಲ, ಒಂದು ಸುತ್ತಿನ ಕೊನೆ, ಅಷ್ಟೇ. ಹಿರೋಕಿ ಅಜುಮಾ ಅನ್ನೋ ಜಪಾನಿ ವಿಮರ್ಶಕ 2007ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ್ರು. ತಪ್ಪೇಯ್ ನಗತ್ಸುಕಿ ರೀ:ಝೀರೋ ಕಥೆಯನ್ನ ಆನ್‌ಲೈನಲ್ಲಿ ಬರೆಯಕ್ಕೆ ಶುರು ಮಾಡಿದ್ದು 2012ರಲ್ಲಿ, ವೈಟ್ ಫಾಕ್ಸ್ ಸ್ಟುಡಿಯೋ ಅದನ್ನ ಅನಿಮೆ ಮಾಡಿದ್ದು 2016ರಲ್ಲಿ.

ಆದ್ರೆ ಗೇಮಲ್ಲಿ ಇಲ್ಲದ ಎರಡು ಕಂಡೀಷನ್ ನಗತ್ಸುಕಿ ಹಾಕಿದಾರೆ, ಕಥೆಯ ಜೀವ ಅಲ್ಲೇ ಇರೋದು. ಒಂದು, ಸುಬಾರು ತನ್ನ ಶಕ್ತಿ ಬಗ್ಗೆ ಯಾರಿಗಾದ್ರೂ ಹೇಳಕ್ಕೆ ಬಾಯಿ ತೆರೆದ್ರೆ ಕಾಲ ನಿಲ್ಲತ್ತೆ, ಒಂದು ಕಪ್ಪು ಕೈ ಬಂದು ಅವನ ಎದೆಯೊಳಗೆ ಹೃದಯ ಹಿಂಡತ್ತೆ. ಎರಡು, ಪ್ರತಿ ಸಲ ಸತ್ತು ವಾಪಸ್ ಬಂದಾಗ್ಲೂ ಅವನ ಮೈಗೆ ಹತ್ತಿರೋ, ಈ ಶಕ್ತಿಯ ಹಿಂದಿರೋ ಮಾಟಗಾತಿಯ ವಾಸನೆ ಜಾಸ್ತಿ ಆಗತ್ತೆ, ಅದು ರೆಮ್ ಮೂಗಿಗೆ ಬಡಿಯತ್ತೆ. ಇವನಿಗೆ ಲೂಪಿನಿಂದ ಲೂಪಿಗೆ ಅವಳ ಮೇಲೆ ವಿಶ್ವಾಸ ಬೆಳೀತಿದ್ರೆ ಅವಳಿಗೆ ಇವನ ಮೇಲೆ ಅನುಮಾನ ಬೆಳೀತಿರತ್ತೆ, ಹಿಂಗಾಗಿ ಇವನನ್ನ ಕೊಲ್ಲೋದೂ ಅವಳೇ. ಎಂಟನೇ ಎಪಿಸೋಡಲ್ಲಿ, ಅದೇ ಬಂಗಲೆಯಲ್ಲಿರೋ, ಅವನು ಮೆಚ್ಚಿದ ಹುಡುಗಿ ಎಮಿಲಿಯಾ ಅವನ ತಲೆಯನ್ನ ಮಡಿಲಲ್ಲಿ ಇಟ್ಕೊಂಡಾಗ ಅವನು ಬಿಕ್ಕಿಬಿಕ್ಕಿ ಅಳ್ತಾನೆ, ಯಾಕೆ ಅಂತ ಅವಳಿಗೆ ಗೊತ್ತಿಲ್ಲ, ಅವನು ಹೇಳೋ ಹಾಗಿಲ್ಲ. ಯಾಕೆ ಅಂತ ಗೊತ್ತಿರೋದು ನಮಗೆ ಮಾತ್ರ. ಆ ಇಡೀ ಲೋಕದಲ್ಲಿ ಅವನಿಗೆ ಸಾಕ್ಷಿ ಅಂತ ಇರೋದು ಸ್ಕ್ರೀನಿನ ಈ ಕಡೆ ಕೂತ ನಾವು, ಬೇರೆ ಥರದ ಕಥೆಗಳಲ್ಲಿ ಪ್ರೇಕ್ಷಕನಿಗೆ ಈ ಕೆಲಸ ಸಿಗೋದೇ ಅಪರೂಪ.

ಇನ್ನೊಂದು ಲಾಭ ಇದೆ, ಅದು ಡೋಪಮೈನ್ ಅನ್ನೋ ಮೆದುಳಿನ ರಾಸಾಯನಿಕದ ಕಡೆಯಿಂದ. ಮಂಗಗಳಿಗೆ ಜ್ಯೂಸ್ ಕೊಟ್ಟು ವುಲ್ಫ್ರಾಮ್ ಶುಲ್ಟ್ಸ್ ಮಾಡಿದ ಪ್ರಯೋಗಗಳನ್ನ ಆಧರಿಸಿ 1997ರಲ್ಲಿ ಶುಲ್ಟ್ಸ್, ಡಯಾನ್, ಮಾಂಟೆಗ್ಯು ಬರೆದ ಪ್ರಬಂಧದ ಸಾರ ಏನಂದ್ರೆ ಡೋಪಮೈನ್ ನರಕೋಶಗಳು ಬಹುಮಾನಕ್ಕೆ ಕುಣಿಯಲ್ಲ, ಅಂದ್ಕೊಂಡಿದ್ದಕ್ಕೂ ಸಿಕ್ಕಿದ್ದಕ್ಕೂ ಇರೋ ವ್ಯತ್ಯಾಸಕ್ಕೆ ಕುಣಿತಾವೆ. ನಿರೀಕ್ಷೆ ಇಲ್ಲದೆ ಸಿಕ್ಕಿದ್ರೆ ಚಟುವಟಿಕೆ ಏರತ್ತೆ, ಸರಿಯಾಗಿ ಅಂದ್ಕೊಂಡಷ್ಟೇ ಸಿಕ್ಕಿದ್ರೆ ಸುಮ್ಮನಿರತ್ತೆ, ಬರ್ಬೇಕಾದ ಹೊತ್ತಿಗೆ ಬರದಿದ್ರೆ ಇಳಿಯತ್ತೆ. ಮಾಮೂಲಿ ಕಥೆಯಲ್ಲಿ ಪ್ರೇಕ್ಷಕನ ತಲೆಯಲ್ಲಿ ಗಟ್ಟಿ ನಿರೀಕ್ಷೆ ಕೂರಿಸಕ್ಕೆ ತುಂಬಾ ಹೊತ್ತು ಬೇಕು. ಲೂಪ್ ಕಥೆಯಲ್ಲಿ ಒಂದು ಸುತ್ತು ಸಾಕು, ಎರಡನೇ ಸುತ್ತಿನಲ್ಲಿ ಒಂದು ಬಾಗಿಲು ಅರ್ಧ ನಿಮಿಷ ಲೇಟಾಗಿ ತೆಗೆದ್ರೂ ನಾವು ಎದ್ದು ಕೂರ್ತೀವಿ. ಸುಬಾರು ಬಂಗಲೆಯಲ್ಲಿ ಮೊದಲ ಸಲ ಮಾಡಿದ್ದನ್ನೇ ಮಾಡಕ್ಕೆ ಹೋಗ್ತಾನೆ, ಅದು ಹಾಗೇ ನಡೆಯಲ್ಲ, ಅವನ ಮೈಯಲ್ಲಿರೋ ಗಾಬರಿಯೇ ಉಳಿದವರ ನಡವಳಿಕೆ ಬದಲಾಯಿಸ್ತಿರತ್ತೆ.

ಈ ಲೆಕ್ಕ ಉಲ್ಟಾ ಹೊಡೆದ ಉದಾಹರಣೆ ಬೇಕಂದ್ರೆ ಎಂಡ್‌ಲೆಸ್ ಎಯ್ಟ್. 2009ರಲ್ಲಿ ಕ್ಯೋಟೋ ಅನಿಮೇಷನ್‌ನವರು ಸುಝುಮಿಯಾ ಹರುಹಿ ಸರಣಿಯಲ್ಲಿ ಬೇಸಿಗೆ ರಜೆಯ ಕೊನೆಯ ಎರಡು ವಾರವನ್ನ, ಆಗಸ್ಟ್ 17ರಿಂದ 31ರವರೆಗೆ, ಎಂಟು ಎಪಿಸೋಡ್ ತೋರಿಸಿದ್ರು. ಹೌದು, ಹೆಚ್ಚುಕಡಿಮೆ ಅದೇ ಕಥೆ ಎಂಟು ಸಲ, ಎಂಟು ವಾರ. ಹಳೇ ಫುಟೇಜ್ ಹಾಕಿ ಮೋಸ ಮಾಡಿಲ್ಲ, ಪ್ರತಿ ಸಲ ಹೊಸದಾಗಿ ಚಿತ್ರ ಬರೆದು ಹೊಸದಾಗಿ ಧ್ವನಿ ಕೊಟ್ಟಿದಾರೆ, ಬಟ್ಟೆ ಬೇರೆ, ಕ್ಯಾಮೆರಾ ಆಂಗಲ್ ಬೇರೆ. ಎರಡನೇ ಎಪಿಸೋಡಿಗೇ ಇದು ಲೂಪ್ ಅಂತ ಗೊತ್ತಾಗತ್ತೆ, ಆಮೇಲೆ ಪ್ರತಿ ವಾರ ಜನ ಇವತ್ತು ಬಿಡುಗಡೆ ಆಗತ್ತೆ ಅಂತ ಕೂರೋದು, ಆಗದೇ ಇರೋದು. ಅಭಿಮಾನಿಗಳು ಸಿಟ್ಟಾಗಿದ್ದು ನ್ಯಾಯವೇ, ಆದ್ರೂ ನಂಗೆ ಆ ಹಠದ ಮೇಲೆ ಗೌರವ ಇದೆ. ಆ ಗುಂಪಿನಲ್ಲಿ ಯೂಕಿ ನಗಾತೊ ಅನ್ನೋ ಮಾತು ಕಮ್ಮಿ ಹುಡುಗಿಗೆ ಮಾತ್ರ ಎಲ್ಲಾ ಸುತ್ತೂ ನೆನಪಿದೆ, ಒಟ್ಟು 15,532 ಸುತ್ತು, ಲೆಕ್ಕ ಹಾಕಿದ್ರೆ ಆರು ಶತಮಾನದ ಹತ್ರ. ಎಂಟು ವಾರಕ್ಕೇ ಕಿರುಚಾಡಿದ ನಮಗೆ ಅವಳ ಬೇಜಾರು ಏನು ಅಂತ ಡೈಲಾಗ್ ಇಲ್ಲದೆ ಅರ್ಥ ಮಾಡಿಸಕ್ಕೆ ಬೇರೆ ದಾರಿ ಇರಲಿಲ್ಲ ಅನ್ಸತ್ತೆ.

ಹರುಹಿ ಅಂದ್ಮೇಲೆ ಇದನ್ನ ಹೇಳದೆ ಮುಂದೆ ಹೋಗಕ್ಕಾಗಲ್ಲ. ಆ ಸರಣಿಯ 2006ರ ಮೊದಲ 14 ಎಪಿಸೋಡ್ ಕಥೆಯ ಕ್ರಮ ಬಿಟ್ಟು ಪ್ರಸಾರ ಆಗಿದ್ವು, ಹಂಗಾಗಿ ಯಾರೋ ಫೋರ್‌ಚಾನ್‌ನಲ್ಲಿ (ಹೆಸರು ಹೇಳದೆ ಬರೆಯೋ ಒಂದು ಆನ್‌ಲೈನ್ ಚರ್ಚಾತಾಣ) ಕೇಳಿದ್ರು, ಎಲ್ಲಾ ಸಾಧ್ಯ ಕ್ರಮದಲ್ಲೂ ನೋಡಿ ಮುಗಿಸಕ್ಕೆ ಕಮ್ಮಿ ಅಂದ್ರೆ ಎಷ್ಟು ಎಪಿಸೋಡ್ ನೋಡ್ಬೇಕು? 2011ರಲ್ಲಿ ಹೆಸರಿಲ್ಲದ ಒಬ್ಬರು ಕೆಳಮಿತಿಗೆ ಪ್ರೂಫ್ ಬರೆದು ಹಾಕಿದ್ರು, ಅದರ ಪ್ರಕಾರ 9,388 ಕೋಟಿಗಿಂತ ಜಾಸ್ತಿ. 2018ರಲ್ಲಿ ಗಣಿತಜ್ಞರ ಕಣ್ಣಿಗೆ ಬಿದ್ದು, ಸೂಪರ್‌ಪರ್ಮ್ಯುಟೇಷನ್ (ಎಲ್ಲಾ ಕ್ರಮಗಳೂ ಒಳಗೆ ಬರೋ ಅತಿ ಚಿಕ್ಕ ಸಾಲು) ಸಮಸ್ಯೆಯಲ್ಲಿ ಅದು ನಿಜವಾದ ಪ್ರಗತಿ ಅಂತ ಒಪ್ಪಿ, ಪ್ರಬಂಧ ಬರೆದಾಗ ಮೊದಲ ಲೇಖಕರ ಜಾಗದಲ್ಲಿ ಅನಾಮಧೇಯ ಫೋರ್‌ಚಾನ್ ಪೋಸ್ಟರ್ ಅಂತಲೇ ಹಾಕಿದ್ರು.

ಮಡೋಕಾ ಮಾಗಿಕಾ (2011) ಅನ್ನೋ ಅನಿಮೆ ಇದೇ ಆಟವನ್ನ ಹಿಂದುಮುಂದಾಗಿ ಆಡತ್ತೆ. ಹೋಮುರಾ ಅನ್ನೋ ಹೊಸ ಸ್ಟೂಡೆಂಟ್ ಮೊದಲ ಎಪಿಸೋಡಿಂದ ಮುಖ ಗಂಟಿಕ್ಕಿಕೊಂಡೇ ಓಡಾಡ್ತಾಳೆ, ಮಡೋಕಾಗೆ ಎಚ್ಚರಿಕೆ ಕೊಡ್ತಾಳೆ, ನಮಗೆ ಅವಳು ವಿಲನ್ ಥರ ಕಾಣ್ತಾಳೆ. ಹತ್ತನೇ ಎಪಿಸೋಡಲ್ಲಿ ಗೊತ್ತಾಗೋದು, ಅವಳು ಒಂದೇ ತಿಂಗಳನ್ನ ಮತ್ತೆ ಮತ್ತೆ ಬದುಕ್ತಿದಾಳೆ, ಪ್ರತಿ ಸಲ ಆಸ್ಪತ್ರೆ ಹಾಸಿಗೆಯಲ್ಲಿ ಎಚ್ಚರ ಆಗತ್ತೆ, ಮೊದಲನೇ ಸುತ್ತಿನಲ್ಲಿ ಎರಡು ಜಡೆ ಹಾಕ್ಕೊಂಡು ಕನ್ನಡಕ ಹಾಕ್ಕೊಂಡು ಹೆದರ್ಕೊಂಡು ಇದ್ದ ಹುಡುಗಿ ಇವಳೇ, ಆಗ ಇವಳ ಕೈ ಹಿಡಿದಿದ್ದು ಮಡೋಕಾ. ಅಂದ್ರೆ ಒಂಬತ್ತು ಎಪಿಸೋಡ್ ನಾವೂ ಮರೆತವರ ಪಾರ್ಟಿಯಲ್ಲೇ ಇದ್ವಿ. (ಕೊನೆಯ ಎರಡು ಎಪಿಸೋಡ್ ಮಾರ್ಚ್ ಭೂಕಂಪದಿಂದ ಏಪ್ರಿಲ್‌ಗೆ ಮುಂದಕ್ಕೆ ಹೋಗಿ, ಜಪಾನಿನ ಪ್ರೇಕ್ಷಕರು ಅಲ್ಲಿವರೆಗೆ ಕಾದ್ರು.) ವಾಪಸ್ ಹೋಗಿ ಮೊದಲ ಎಪಿಸೋಡ್ ನೋಡಿ, ಅದೇ ಮುಖ, ಅದೇ ಮಾತು, ಪೂರ್ತಿ ಬೇರೆ ಸೀನ್.

ಫಿಸಿಕ್ಸ್ ಪ್ರಕಾರ ಇದೆಲ್ಲಾ ಆಗತ್ತಾ ಅಂದ್ರೆ, ಬೇಗ ಹೇಳಿ ಮುಗಿಸ್ತೀನಿ. 1949ರಲ್ಲಿ ಕರ್ಟ್ ಗೋಡೆಲ್ ಐನ್‌ಸ್ಟೈನ್ ಸಮೀಕರಣಗಳಿಗೆ ಒಂದು ಉತ್ತರ ಕಂಡುಹಿಡಿದ್ರು, ಅದರಲ್ಲಿ ಕಾಲದ ದಾರಿ ಸುತ್ತಿ ಬಂದು ಹೊರಟ ಜಾಗಕ್ಕೇ ಸೇರ್ಕೊಳತ್ತೆ. ಆದ್ರೆ ಅಂಥ ದಾರಿ ನಿಜವಾಗ್ಲೂ ಮುಚ್ಚಿಕೊಳ್ಬೇಕಂದ್ರೆ ಎಲ್ಲವೂ ಮೊದಲಿನ ಸ್ಥಿತಿಗೇ ಬರ್ಬೇಕು, ನೆನಪೂ ಸೇರಿ. ನೆನಪು ಗಾಳಿಯಲ್ಲಿ ಇರಲ್ಲ, ನರಕೋಶಗಳ ನಡುವಿನ ಸಂಪರ್ಕದ ಬದಲಾವಣೆ ಅದು. ಸುಬಾರು ಗಾಯ ಎಲ್ಲಾ ಮಾಯ ಆಗಿ ಮೈ ಮೊದಲಿನಂಗೆ ಆಗತ್ತೆ, ನೆನಪು ಮಾತ್ರ ಉಳಿಯತ್ತೆ, ಯಾಕೆ, ಮೆದುಳು ದೇಹಕ್ಕೆ ಸೇರಿದ್ದಲ್ವಾ? ಫ್ಯಾಂಟಸಿ ಆಗಿರೋದ್ರಿಂದ ಮಾಟಗಾತಿ ಮೇಲೆ ಹಾಕಿ ಬಚಾವಾಗ್ತಾರೆ.

ಆ ಒಂಟಿತನ ಮನುಷ್ಯನನ್ನ ಏನು ಮಾಡತ್ತೆ ಅನ್ನೋದ್ರಲ್ಲಿ ಮಾತ್ರ ರೀ:ಝೀರೋ ಬಚಾವಾಗಕ್ಕೆ ನೋಡಲ್ಲ. 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಕೇಳಿರ್ತೀರ, ಏನು ಮಾಡಿದ್ರೂ ನಿಲ್ಲದ ಶಾಕ್ ತಿಂದ ನಾಯಿಗಳು ಆಮೇಲೆ ಹಾರಿ ತಪ್ಪಿಸ್ಕೊಳ್ಳೋ ದಾರಿ ಇದ್ರೂ ಬಿದ್ಕೊಂಡೇ ಇರ್ತಿದ್ವು. ಅಸಹಾಯಕತೆ ಕಲಿತದ್ದು ಅಂತ ಅವರೇ ಹೇಳಿದ್ರು. ಸುಮಾರು ಐವತ್ತು ವರ್ಷ ಆದ್ಮೇಲೆ, 2016ರಲ್ಲಿ, ಅದೇ ಇಬ್ರು ಮೆದುಳಿನ ಹೊಸ ಸಾಕ್ಷ್ಯ ಇಟ್ಕೊಂಡು ಉಲ್ಟಾ ಬರೆದ್ರು: ಸುದೀರ್ಘ ಕಷ್ಟಕ್ಕೆ ಸುಮ್ಮನೆ ಬಿದ್ಕೊಳ್ಳೋದೇ ಪ್ರಾಣಿಯ ಮೂಲ ಸ್ವಭಾವ, ಕಲಿಯೋದು ಏನಿದ್ರೂ ನನ್ನ ಕೈಲಿ ಆಗತ್ತೆ ಅನ್ನೋದನ್ನ. ಆ ವರ್ಷವೇ ಪ್ರಸಾರ ಆದ 18ನೇ ಎಪಿಸೋಡಲ್ಲಿ ಸುಬಾರು ಪೂರ್ತಿ ಕೈಚೆಲ್ಲಿ ರೆಮ್ ಹತ್ರ 'ಎಲ್ಲಾ ಬಿಟ್ಟು ಓಡಿಹೋಗೋಣ ಬಾ' ಅಂತಾನೆ, ಅವಳು ಒಪ್ಪಲ್ಲ. ಇಡೀ ಎಪಿಸೋಡ್ ಇಬ್ರು ನಿಂತು ಮಾತಾಡೋದು, ಅಷ್ಟೇ. ಅವಳು ಮೆಚ್ಚಿರೋದು ಈ ಒಂದು ಸುತ್ತಿನಲ್ಲಿ ತಾನು ಕಂಡ ಸುಬಾರುವನ್ನ, ಅವನು ತನ್ನನ್ನ ದ್ವೇಷಿಸೋದು ಯಾರಿಗೂ ಗೊತ್ತಿಲ್ಲದ ಸುತ್ತುಗಳಲ್ಲಿ ಸೋತಿದ್ದಕ್ಕೆ, ಎರಡೂ ಬೇರೆ ಬೇರೆ ದಾಖಲೆ. ನನ್ನ ಪ್ರಕಾರ ಸರಣಿಯಲ್ಲೇ ಒಳ್ಳೇ ಎಪಿಸೋಡ್ ಇದು, ಫೈಟ್ ಬೇಕು ಅನ್ನೋರು ಸ್ಕಿಪ್ ಮಾಡ್ತಾರೆ, ಅವರಿಷ್ಟ.

2020ರ ಎರಡನೇ ಸೀಸನ್ ಇನ್ನೂ ಕ್ರೂರ. ರೆಮ್ ಎಚ್ಚರ ತಪ್ಪಿ ಮಲಗಿದಾಳೆ, ಅವಳ ಹೆಸರೂ ನೆನಪೂ ಲೋಕದಿಂದಲೇ ಅಳಿಸಿಹೋಗಿದೆ. ಸುಬಾರು ವಾಪಸ್ ಹೋಗಿ ಸರಿ ಮಾಡೋಣ ಅಂತ ತನ್ನನ್ನ ತಾನೇ ಕೊಂದುಕೊಳ್ತಾನೆ, ಎದ್ದರೆ ಸೇವ್ ಪಾಯಿಂಟ್, ಅಂದ್ರೆ ಸತ್ತಾಗ ಅವನು ವಾಪಸ್ ಬರೋ ಕ್ಷಣ, ಆಗಲೇ ಮುಂದಕ್ಕೆ ಬಂದುಬಿಟ್ಟಿದೆ. ಆಮೇಲೆ ಒಂದು ಪರೀಕ್ಷೆಯಲ್ಲಿ ಅವನಿಗೆ ತೋರಿಸೋದು ಏನಂದ್ರೆ, ಅವನು ಸತ್ತು ಬಿಟ್ಟುಬಂದ ಒಂದೊಂದು ಲೋಕದಲ್ಲೂ ಆಮೇಲೆ ಏನಾಯ್ತು, ಅವನ ಹೆಣದ ಮುಂದೆ ಯಾರು ಕೂತು ಅತ್ರು ಅಂತ. ಇಷ್ಟು ದಿನ ರೀಸೆಟ್ ಅಂದ್ಕೊಂಡಿದ್ದು ರೀಸೆಟ್ಟೇ ಅಲ್ಲದೆ ಆ ಲೋಕಗಳೆಲ್ಲಾ ಹಾಗೇ ಮುಂದೆ ನಡೀತಿದ್ರೆ ಅವನು ಉಳಿಸಿದ್ದು ಯಾರನ್ನ, ಬಿಟ್ಟುಬಂದಿದ್ದು ಎಷ್ಟು ಜನರನ್ನ? ಅದು ನಿಜವೋ ಆ ಪರೀಕ್ಷೆ ಇಟ್ಟ ಇನ್ನೊಬ್ಬ ಮಾಟಗಾತಿ ಕಟ್ಟಿದ ಚಿತ್ರವೋ ಅಂತ ಕಥೆ ಅಲ್ಲಿ ಬಿಡಿಸಿ ಹೇಳಲ್ಲ. ಮೂರನೇ ಸೀಸನ್ 2024ರಲ್ಲಿ ಬಂತು, ಅದೂ ಈ ಪ್ರಶ್ನೆಗೆ ಕೈ ಹಾಕಲಿಲ್ಲ.