ಗಿರಣಗಾಂವ್‌ನ ಜಮೀನು ಯಾರ ಪಾಲಾಯಿತು?

ಮುಂಬೈನ ಲೋವರ್ ಪರೇಲ್ ಸುದ್ದಿಗೆ ಬಂದಾಗಲೆಲ್ಲ ಗಿರಣಿ ಜಮೀನು, ಚಾಳ್ (ಕೆಲಸಗಾರರ ವಠಾರ), ಮನೆ ಲಾಟರಿ, ಕೋರ್ಟು ಎಲ್ಲವೂ ಒಟ್ಟೊಟ್ಟಿಗೆ ಬರುತ್ತವೆ. ಯಾವುದು ಯಾವುದಕ್ಕೆ ತಳಕು ಹಾಕಿಕೊಂಡಿದೆ ಅಂತ ಗೊತ್ತಾಗುವುದೇ ಇಲ್ಲ.

1850ರ ದಶಕದಲ್ಲಿ ತಾಡದೇವದಲ್ಲಿ ಮೊದಲ ಹತ್ತಿ ಗಿರಣಿ ಶುರುವಾಯಿತು. ಮುಂದಿನ ನೂರು ವರ್ಷಗಳಲ್ಲಿ ಪರೇಲ್, ಲಾಲ್‌ಬಾಗ್, ವರ್ಲಿ ಸುತ್ತ ಐವತ್ತಕ್ಕೂ ಹೆಚ್ಚು ಗಿರಣಿಗಳು ಎದ್ದವು. ಜಮೀನು ಸುಮಾರು 600 ಎಕರೆ. ಇದೇ ಗಿರಣಗಾಂವ್, ಅಂದರೆ ಗಿರಣಿಗಳ ಊರು. ಬಂದರಿಗೆ ಹತ್ತಿ ಬಂದ ಹಾಗೆ ಕೊಂಕಣದಿಂದ, ಸಾತಾರಾ ಕಡೆಯಿಂದ ಕೆಲಸಗಾರರೂ ಬಂದರು. 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಬಿಡಿಡಿ ಚಾಳ್‌ಗಳಲ್ಲಿ ಒಂದು ಕೋಣೆ ಅಂದರೆ 160 ಚದರ ಅಡಿ. ಅಂಥ ಕೋಣೆಗಳಲ್ಲಿ ಹಗಲು ಪಾಳಿಯವರು ಎದ್ದು ಹೋದ ಜಾಗದಲ್ಲಿ ರಾತ್ರಿ ಪಾಳಿಯವರು ಬಂದು ಮಲಗುತ್ತಿದ್ದರು. ಊಟ ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದವರು ಅಲ್ಲಿನ ಹೆಂಗಸರು. ಬಡ್ಡಿ ಸಾಲದಿಂದ ಅವರನ್ನು ಬಿಡಿಸಲೆಂದೇ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಒಂದು ವರ್ಷ ದಾಟಿದರೂ ಅದು ಮುಗಿಯಲಿಲ್ಲ. ಎಷ್ಟೋ ಗಿರಣಿಗಳು ಮತ್ತೆ ಮೊದಲಿನಂತೆ ನಡೆಯಲೇ ಇಲ್ಲ.

ನಿಜವಾದ ಗೋಜಲು ಶುರುವಾಗುವುದು ಇಲ್ಲಿಂದ. ಗಿರಣಿಯ ಬಟ್ಟೆಗಿಂತ ಗಿರಣಿಯ ಕೆಳಗಿನ ನೆಲಕ್ಕೇ ಬೆಲೆ ಜಾಸ್ತಿಯಾಗಿತ್ತು. 1991ರಲ್ಲಿ ಸರ್ಕಾರ ಒಂದು ನಿಯಮ ತಂದಿತು. ಗಿರಣಿ ಜಮೀನನ್ನು ಹೊಸದಾಗಿ ಕಟ್ಟಲು ಬಳಸಬೇಕೆಂದರೆ ಮೂರು ಪಾಲು ಮಾಡಬೇಕು. ಒಂದು ಪಾಲು ಪಾಲಿಕೆಗೆ, ಮೈದಾನ, ಉದ್ಯಾನಕ್ಕೆ. ಒಂದು ರಾಜ್ಯದ ವಸತಿ ಮಂಡಳಿಯಾದ ಮ್ಹಾಡಾಗೆ, ಸಾಮಾನ್ಯ ಜನರ ಮನೆಗೆ. ಉಳಿದದ್ದು ಮಾಲೀಕರಿಗೆ. ಇಷ್ಟು ನೇರವಾದ ನಿಯಮ ಮುಂಬೈಗೆ ಮತ್ತೆ ಸಿಕ್ಕಿಲ್ಲ. ಆದರೆ ಎರಡು ಪಾಲು ಬಿಟ್ಟುಕೊಡಲು ಮುಂದೆ ಬಂದವರು ಕಡಿಮೆ.

2001ರಲ್ಲಿ ತಿದ್ದುಪಡಿ ಬಂತು. ಮೂರು ಪಾಲು ಮಾಡುವುದು ಖಾಲಿ ಇರುವ ಜಾಗವನ್ನು ಮಾತ್ರ ಎಂದಾಯಿತು. ಓದಲು ಸಣ್ಣ ಬದಲಾವಣೆ. ಲೆಕ್ಕ ಹಾಕಿ ನೋಡಿ. 30 ಎಕರೆಯ ಗಿರಣಿ, ಅದರಲ್ಲಿ 24 ಎಕರೆ ಮೇಲೆ ಕಟ್ಟಡ ಅಂದುಕೊಳ್ಳೋಣ. ಹಳೇ ನಿಯಮದಲ್ಲಿ ಊರಿನ ಮೈದಾನಕ್ಕೆ 10 ಎಕರೆ. ಹೊಸದರಲ್ಲಿ ಬರೀ 2. ಆ ಕಟ್ಟಡ ನಾಳೆ ಕೆಡವಿದರೂ ಅದರ ನೆಲ ಖಾಲಿ ಜಾಗದ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಜನ ಪ್ರಶ್ನಿಸಬೇಕಾದ್ದೇ ಅಲ್ವಾ? ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಎಂಬ ಪರಿಸರ ಸಂಘಟನೆ ಕೋರ್ಟಿಗೆ ಹೋಯಿತು. 2005ರಲ್ಲಿ ಹೈಕೋರ್ಟ್ ಅವರ ಪರ ನಿಂತಿತು. 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು.

ಆಮೇಲೆ ಟವರ್, ಮಾಲ್, ಆಫೀಸುಗಳು ಸಾಲುಸಾಲಾಗಿ ಎದ್ದವು. ಇಕ್ಕಟ್ಟಾದ ರಸ್ತೆಗಳು, ರೈಲ್ವೆ ಮೇಲ್ಸೇತುವೆಗಳು ಮಾತ್ರ ಗಿರಣಿ ಕಾಲದವೇ ಆಗಿದ್ದವು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ, ಮಳೆಯ ನಡುವೆ, ಅಲ್ಲಿನ ಎಲ್ಫಿನ್‌ಸ್ಟನ್ ರೋಡ್ ರೈಲು ನಿಲ್ದಾಣದ ಕಿರಿದಾದ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 23 ಮಂದಿ ಸತ್ತರು. ಅದೇ ಡಿಸೆಂಬರ್‌ನಲ್ಲಿ ಹಳೇ ಗಿರಣಿ ಕಮಲಾ ಮಿಲ್ಸ್ ಆವರಣದ ಬೆಂಕಿ 14 ಜೀವ ತೆಗೆಯಿತು. ಸುಮ್ನೆ ದುರದೃಷ್ಟ ಅಂದುಬಿಡಲು ಮನಸ್ಸು ಒಪ್ಪುವುದಿಲ್ಲ.

ಬಿಡಿಡಿ ಚಾಳ್‌ನವರಿಗೆ 160 ಚದರ ಅಡಿ ಬದಲು 500 ಚದರ ಅಡಿಯ ಮನೆ ಅದೇ ಜಾಗದಲ್ಲಿ ಸಿಗಬೇಕು ಅಂತಾಗಿದೆ. ಗಿರಣಿ ಕಾರ್ಮಿಕರ ಪಾಡು ಬೇರೆ. ಅವರಿಗೆ ಮನೆ ಹಂಚಲು ನಡೆದ 2012ರ ಲಾಟರಿಯಲ್ಲಿ ಇದ್ದದ್ದು 6,925 ಮನೆ, ಅರ್ಜಿ ಹಾಕಿದವರು ಒಂದು ಲಕ್ಷಕ್ಕೂ ಮೇಲೆ. ಆಮೇಲೆ ಪನ್ವೇಲ್ ಹತ್ತಿರದ ಕೋನ್‌ನಲ್ಲೂ ಮನೆ ತೋರಿಸಲಾಯಿತು. ಶೇಲು, ವಾಂಗಣಿಯ ಮಾತೂ ಬಂತು. ಅವೆಲ್ಲ ಮುಂಬೈಯಿಂದ ಬಹಳ ದೂರ. ಕಾರ್ಮಿಕರು ಮತ್ತು ಅವರ ಮಕ್ಕಳು, ತಾವು ದುಡಿದ ಊರಿನಲ್ಲೇ ಮನೆ ಬೇಕು ಎಂದು ಇನ್ನೂ ಪಟ್ಟು ಬಿಟ್ಟಿಲ್ಲ.