4294967297ನ್ನು 641 ಭಾಗಿಸುತ್ತದೆ, ಏಕೆ?

ಮೊದಲು ಸಂಖ್ಯೆಯನ್ನು ಬಾಯಿಬಿಟ್ಟು ಓದೋಣ: 429 ಕೋಟಿ 49 ಲಕ್ಷ 67 ಸಾವಿರದ 297. ನೋಡಲು ಯಾವುದೋ ಫೋನ್ ನಂಬರ್ ಇದ್ದ ಹಾಗಿದೆ. ಆದರೆ ಇದು 2³² + 1.

3, 5, 17, 257, 65537. ಇವು 2ರ 1, 2, 4, 8, 16ನೇ ಘಾತಗಳಿಗೆ ಒಂದು ಕೂಡಿಸಿದಾಗ ಸಿಗುವ ಸಂಖ್ಯೆಗಳು. ಐದೂ ಅವಿಭಾಜ್ಯ. ಇದೇ ಸಾಲಿನಲ್ಲಿ ಮುಂದೆ ಬರುವುದೆಲ್ಲ ಅವಿಭಾಜ್ಯವೇ ಎಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಆರನೆಯದನ್ನೇ ಒಡೆದು ತೋರಿಸಿದ:

4294967297 = 641 × 6700417

ಆಗ ಕ್ಯಾಲ್ಕುಲೇಟರ್ ಎಲ್ಲಿತ್ತು? ಇದರ ವರ್ಗಮೂಲ ಸುಮಾರು 65536. ಅಲ್ಲಿಯವರೆಗಿನ ಅವಿಭಾಜ್ಯಗಳು ಆರು ಸಾವಿರಕ್ಕೂ ಜಾಸ್ತಿ. ಒಂದೊಂದರಿಂದಲೂ ಭಾಗಿಸುತ್ತಾ ಕೂತರೆ ಮುಗಿಯಿತು ಕಥೆ. ಇಲ್ಲಿ ಒಂದು ಉಪಾಯ ಇದೆ, ಸ್ವಲ್ಪ ನಿಧಾನವಾಗಿ ಓದಿ.

p ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 2³²ನ್ನು p ಇಂದ ಭಾಗಿಸಿದರೆ ಶೇಷ −1 (ಅಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ). ವರ್ಗ ಮಾಡಿದರೆ 2⁶⁴ಕ್ಕೆ ಶೇಷ 1. ಶೇಷ 1 ಮೊದಲ ಸಲ ಯಾವ ಘಾತದಲ್ಲಿ ಬರುತ್ತದೋ, ಆಮೇಲೆ ಅದರ ಅಪವರ್ತ್ಯಗಳಲ್ಲಿ ಮಾತ್ರ ಮತ್ತೆ ಬರುತ್ತದೆ. ಇಲ್ಲಿ ಅದು ಮೊದಲ ಸಲ ಬರುವುದು 64ನೇ ಘಾತದಲ್ಲೇ. ಅದು ಇನ್ನೂ ಮೊದಲೇ ಬಂದಿದ್ದರೆ 32ನೇ ಘಾತದಲ್ಲೂ 1 ಬರಬೇಕಿತ್ತು, ಅಲ್ವಾ? ಇನ್ನು ಫರ್ಮಾನದೇ ಕಿರು ಪ್ರಮೇಯದ ಪ್ರಕಾರ p−1ನೇ ಘಾತಕ್ಕೂ ಶೇಷ 1. ಹಾಗಾಗಿ p−1 ಎಂಬುದು 64ರ ಅಪವರ್ತ್ಯ. p = 64k + 1.

ಈ ರೂಪದ ಅವಿಭಾಜ್ಯಗಳು: 193, 257, 449, 577, 641. ಐದನೇ ಪ್ರಯತ್ನಕ್ಕೇ ಸಿಕ್ಕಿತು! ನಿಜ ಹೇಳಬೇಕೆಂದರೆ ನಾಲ್ಕೇ ಸಾಕು. 3 × 5 × 17 × 257 × 65537 ಗುಣಿಸಿ ನೋಡಿ, 4294967295 ಬರುತ್ತದೆ. ನಮ್ಮ ಸಂಖ್ಯೆಗಿಂತ ಎರಡೇ ಕಡಿಮೆ. 257 ಎರಡನ್ನೂ ಭಾಗಿಸಿದರೆ ಅವುಗಳ ವ್ಯತ್ಯಾಸವಾದ 2ನ್ನೂ ಭಾಗಿಸಬೇಕು. ಆದ್ದರಿಂದ 257 ನಮ್ಮ ಸಂಖ್ಯೆಯನ್ನು ಭಾಗಿಸಲು ಸಾಧ್ಯವೇ ಇಲ್ಲ. ನನಗೆ ಈ ಸಂಖ್ಯೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ.

641 ಭಾಗಿಸುತ್ತದೆ ಎಂದು ಭಾಗಾಕಾರ ಮಾಡದೆಯೂ ತೋರಿಸಬಹುದು. 641ನ್ನು ಎರಡು ರೀತಿ ಬರೆಯಿರಿ:

641 = 5 × 2⁷ + 1
641 = 5⁴ + 2⁴

ಮೊದಲ ಸಾಲಿನಿಂದ 5 × 2⁷ರ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಎರಡನೇ ಸಾಲಿನಿಂದ 5⁴ರ ಬದಲು −2⁴ ಹಾಕಬಹುದು. ಆಗ −2³²ರ ಶೇಷ 1. ಅಂದರೆ 2³² + 1ನ್ನು 641 ಶೇಷವಿಲ್ಲದೆ ಭಾಗಿಸುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಸಾಕು.

ಒಂದು ಎಚ್ಚರಿಕೆ. ಕಿರು ಪ್ರಮೇಯವನ್ನೇ ಅವಿಭಾಜ್ಯ ಪರೀಕ್ಷೆಯಾಗಿ ಬಳಸುವವರು ಸಾಮಾನ್ಯವಾಗಿ 2ರಿಂದ ಶುರು ಮಾಡುತ್ತಾರೆ: ಸಂಖ್ಯೆಯಲ್ಲಿ ಒಂದು ಕಳೆದಷ್ಟು ಘಾತಕ್ಕೆ 2ನ್ನು ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬಂದರೆ ಪಾಸ್. ಇಲ್ಲಿ ಅದು ಮೋಸ ಮಾಡುತ್ತದೆ. ನಮ್ಮ ಸಂಖ್ಯೆಯಲ್ಲಿ ಒಂದು ಕಳೆದರೆ 2³², ಅದು 64ರ ಅಪವರ್ತ್ಯ. ನಮ್ಮ ಸಂಖ್ಯೆಯಿಂದ ಭಾಗಿಸಿದಾಗ 2⁶⁴ರ ಶೇಷ ಹೇಗೂ 1. ಹೀಗಾಗಿ ಸಂಖ್ಯೆ ಆರಾಮಾಗಿ ಪಾಸಾಗಿಬಿಡುತ್ತದೆ. 2ರ ಜಾಗದಲ್ಲಿ 3 ಇಟ್ಟು ನೋಡಿ, ಸಿಕ್ಕಿಬೀಳುತ್ತದೆ.